ಆರು ಪೌಂಡ್, ಎಂಬತ್ತು ರೂಪಾಯಿ

ಟೈಪ್‌ರೈಟರ್ ಸದ್ದು ಕೇಳಿದ್ದೀರಾ? ನನ್ನ ವಯಸ್ಸಿನವರು ಕೇಳಿಯೇ ಇರ್ತೀರಿ. ತಾಲೂಕು ಕಚೇರಿ ಎದುರು ಮರದ ಕೆಳಗೆ ಕೂತು ಅರ್ಜಿ ಟೈಪ್ ಮಾಡಿಕೊಡೋರ ಮುಂದೆ ಒಮ್ಮೆ ನಿಂತವರಿಗೆ ಆ ಟಕಟಕ ಮರೆಯೋದಿಲ್ಲ. ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲಿ ಆ ಸದ್ದನ್ನು ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟುಕೊಂಡಿದ್ದರು. ಫೋನ್ ರಿಂಗಾದರೆ ಮನೆಯಾಕೆ ಟೇಪ್ ಹಾಕಿ ಮಾತಾಡೋರು. ಆ ಕಡೆ ಇರೋ ಕಂಪನಿಯ ಸಾಹೇಬರಿಗೆ ಏನನ್ನಿಸಬೇಕು? ಓಹೋ, ದೊಡ್ಡ ಆಫೀಸು, ಸಾಲಾಗಿ ಟೈಪಿಸ್ಟ್‌ಗಳು ಕೂತಿದ್ದಾರೆ ಅಂತ. ಅಸಲಿಗೆ ಅಲ್ಲಿ ಇದ್ದದ್ದು ಒಂದು ಊಟದ ಮೇಜು, ಒಂದೇ ಒಂದು ಫೋನು, ಒಂದು ಪುಟ್ಟ ಮಗು. ಆ ಮಗುವಿನ ಅಳು ಗಿರಾಕಿಗೆ ಕೇಳಿಸಬಾರದು ಅಂತಲೇ ಈ ಟೇಪು.

ಆಕೆ ಪತ್ರಗಳಿಗೆ ಹಾಕುತ್ತಿದ್ದ ಸಹಿ 'ಸ್ಟೀವ್ ಶರ್ಲಿ'. ಸ್ಟೀವ್ ಗಂಡಸಿನ ಹೆಸರು. ಅವರ ಹೆಸರು ಸ್ಟೆಫನಿ. ಸ್ಟೆಫನಿ ಅಂತ ಸಹಿ ಹಾಕಿ ಕಳಿಸಿದ ಪತ್ರಗಳಿಗೆ ಉತ್ತರವೇ ಬರ್ತಿರಲಿಲ್ಲ. 'ಸ್ಟೀವ್ ಅಂತ ಬರೆದು ನೋಡು' ಅನ್ನೋ ಸಲಹೆ ಗಂಡನಿಂದಲೇ ಬಂತು. ಬರೆದರು, ಉತ್ತರ ಬರತೊಡಗಿತು. ಗಿರಾಕಿ ಬಾಗಿಲಿಗೆ ಹೋಗಿ ನಿಲ್ಲೋವರೆಗೆ ಸ್ಟೀವ್ ಹೆಂಗಸು ಅಂತ ಆತನಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಆ ಹೆಸರೇ ಅವರಿಗೆ ಕೊನೆತನಕ ಅಂಟಿಕೊಂಡಿತು.

2025ರ ಆಗಸ್ಟ್‌ನಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ, ಈ ಹೆಣ್ಣುಮಗಳು ತೀರಿಕೊಂಡರು. ನಮ್ಮ ಸುದ್ದಿಮನೆಯಲ್ಲಿ ಅವತ್ತು ಬೇರೆಯದೇ ಗದ್ದಲ. ಪರದೆ ಕೆಳಗೆ ಓಡುವ ಪಟ್ಟಿಯಲ್ಲೂ ಒಂದು ಸಾಲು ಹೋಗಲಿಲ್ಲ. ಕನ್ನಡದ ವೀಕ್ಷಕರಿಗೂ ಈಕೆಗೂ ಏನು ಸಂಬಂಧ ಅಂತ ಡೆಸ್ಕಿನಲ್ಲಿ ಯಾರೋ ಅಂದರು. ಸಂಬಂಧ ಇದೆ ಸ್ವಾಮಿ. ನಿಮ್ಮ ಮಗನೋ ಸೊಸೆಯೋ ರೂಮಿನ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮನೆಯಿಂದಲೇ ಆಫೀಸು ನಡೆಸ್ತಾ ಇದ್ದರೆ, 'ಮೀಟಿಂಗ್ ಇದೆ, ಕುಕ್ಕರ್ ಕೂಗಿಸಬೇಡಿ' ಅಂತ ನಿಮಗೆ ಸನ್ನೆ ಮಾಡ್ತಾ ಇದ್ದರೆ, ಅದರ ಮೊದಲ ಅಧ್ಯಾಯ ಬರೆದವರು ಈಕೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1933ರ ಸೆಪ್ಟೆಂಬರ್. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಯಹೂದಿ ನ್ಯಾಯಾಧೀಶರೊಬ್ಬರಿಗೆ ಹೆಣ್ಣು ಮಗು ಹುಟ್ಟಿತು, ವೆರಾ ಬುಖ್‌ತಾಲ್ ಅಂತ ಹೆಸರು. ಅಪ್ಪನ ಕೆಲಸ ಹೋಯಿತು. ಕುಟುಂಬ ವಿಯೆನ್ನಾ ಸೇರಿತು, ಅಲ್ಲಿಗೂ ನಾಜಿಗಳು ಬಂದರು. 1939ರ ಬೇಸಿಗೆ, ಯುದ್ಧ ಶುರುವಾಗೋದಕ್ಕೆ ಕೆಲವೇ ವಾರ ಇದ್ದಾಗ, ಅಪ್ಪ-ಅಮ್ಮ ಐದು ವರ್ಷದ ಈ ಮಗುವನ್ನೂ ಒಂಬತ್ತು ವರ್ಷದ ಅಕ್ಕನನ್ನೂ ಇಂಗ್ಲೆಂಡಿಗೆ ಹೊರಟ ರೈಲಿಗೆ ಹತ್ತಿಸಿದರು. ಮಕ್ಕಳಷ್ಟೇ ಇದ್ದ ರೈಲು. ಹಾಗೆ ಸುಮಾರು ಹತ್ತು ಸಾವಿರ ಮಕ್ಕಳು ಇಂಗ್ಲೆಂಡಿಗೆ ಹೋಗಿ ಬದುಕಿಕೊಂಡರು. ಗುರುತು ಪರಿಚಯ ಇಲ್ಲದ ದಂಪತಿ ಈ ಇಬ್ಬರನ್ನು ಸಾಕಿದರು. ಯಾರೋ ಉಳಿಸಿಕೊಟ್ಟ ಜೀವ ಇದು, ದಂಡ ಮಾಡಬಾರದು. ಈ ಮಾತನ್ನು ಆಕೆ ಬದುಕಿನುದ್ದಕ್ಕೂ ಹೇಳುತ್ತಿದ್ದರು.

ಓದಿದ ಹೆಣ್ಣುಮಕ್ಕಳ ಶಾಲೆಯಲ್ಲಿ ಆಕೆಗೆ ಬೇಕಾದ ಗಣಿತ ಕಲಿಸೋರೇ ಇರಲಿಲ್ಲ. ಅನುಮತಿ ತಗೊಂಡು ಹುಡುಗರ ಶಾಲೆಗೆ ಹೋಗಿ ಕಲಿತರು. ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಹಗಲು ಕೆಲಸ, ಸಂಜೆ ತರಗತಿ, ಹಾಗೇ ಪದವಿ. ಅಲ್ಲಿಂದ ಒಂದು ಕಂಪ್ಯೂಟರ್ ಕಂಪನಿ. ಎಲ್ಲಿ ಹೋದರೂ ಮೇಲಿನ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ 'ಅದು ನಿನ್ನ ಕೆಲಸ ಅಲ್ಲ' ಅನ್ನೋ ಮುಖಭಾವ. ಆಗಿನ ಬ್ರಿಟನ್ ಎಂಥದ್ದು ಗೊತ್ತಾ? ಗಂಡನ ಒಪ್ಪಿಗೆ ಇಲ್ಲದೆ ಆಕೆಗೆ ಬ್ಯಾಂಕ್ ಖಾತೆ ತೆರೆಯೋಕೆ ಆಗ್ತಿರಲಿಲ್ಲ. ಲಂಡನ್ ಷೇರುಪೇಟೆ ಹೆಂಗಸರನ್ನು ಸದಸ್ಯರಾಗಿ ಒಳಗೆ ಬಿಟ್ಟುಕೊಂಡದ್ದೇ 1973ರಲ್ಲಿ. ನಮಗೆ ಸಂಸ್ಕೃತಿ ಪಾಠ ಹೇಳಿಹೋದ ದೇಶ ಇದು!

1962ರಲ್ಲಿ ಆಕೆ ಕೆಲಸ ಬಿಟ್ಟು ತಮ್ಮದೇ ಕಂಪನಿ ಶುರು ಮಾಡಿದರು. ಹೆಸರು 'ಫ್ರೀಲಾನ್ಸ್ ಪ್ರೋಗ್ರಾಮರ್ಸ್'. ಬಂಡವಾಳ ಆರು ಪೌಂಡ್, ಕಚೇರಿ ಮನೆಯ ಊಟದ ಮೇಜು. ಮಾರೋ ಸರಕು ಸಾಫ್ಟ್‌ವೇರ್. ಆಗ ಸಾಫ್ಟ್‌ವೇರ್ ಅನ್ನೋದಕ್ಕೆ ಯಾರೂ ಬೇರೆಯಾಗಿ ದುಡ್ಡು ಕೊಡ್ತಿರಲಿಲ್ಲ. ಯಂತ್ರ ಕೊಂಡರೆ ಅದರ ಜೊತೆ ಪುಕ್ಕಟೆ ಬರೋ ವಸ್ತು ಅದು. ಪುಕ್ಕಟೆ ಸಿಗೋದನ್ನು ದುಡ್ಡಿಗೆ ಮಾರ್ತೀನಿ ಅಂತ ಹೊರಟ ಹೆಂಗಸನ್ನು ಜನ ಹೇಗೆ ನೋಡಿರಬಹುದು, ಊಹಿಸಿಕೊಳ್ಳಿ.

ಇನ್ನು ಕೆಲಸಕ್ಕೆ ಜನ? ಅಲ್ಲಿದೆ ಅಸಲು ವಿಷಯ. ಮದುವೆಯಾಗಿ, ಮಗುವಾಗಿ, ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೆಣ್ಣುಮಕ್ಕಳು ಆ ದೇಶದ ತುಂಬ ಇದ್ದರು. ಗಣಿತ ಬಲ್ಲವರು, ಕಂಪ್ಯೂಟರ್ ಪಳಗಿಸಿದವರು. ಅವರ ಬುದ್ಧಿಗೆ ತುಕ್ಕು ಹಿಡಿದಿರಲಿಲ್ಲ. ಒಂಬತ್ತರಿಂದ ಐದರವರೆಗೆ ಆಫೀಸಿನಲ್ಲಿ ಕೂರೋಕೆ ಆಗ್ತಿರಲಿಲ್ಲ, ಅಷ್ಟೇ. ಶರ್ಲಿ ಅವರನ್ನು ಹುಡುಕಿದರು. ಕೆಲಸಕ್ಕೆ ಅರ್ಜಿ ಹಾಕಿದವರನ್ನು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು, 'ನಿಮಗೆ ಫೋನ್ ಸಿಗುತ್ತದೆಯೇ?' ಸ್ವಂತ ಫೋನ್ ಇರಲೇಬೇಕು ಅಂತಿಲ್ಲ, ಪಕ್ಕದ ಮನೆಯದ್ದಾದರೂ ಸರಿ. ಮೊದಲ 300 ಮಂದಿ ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರು. ಉಳಿದ ಮೂವರು ಗಂಡಸರನ್ನು ಮೀಸಲಾತಿ ಅಂತ ತಿಳಿದುಕೊಳ್ಳಿ!

ಈಗ ಯೋಚನೆ ಮಾಡಿ. ಇಂಟರ್‌ನೆಟ್ ಇಲ್ಲ, ಮೇಲ್ ಇಲ್ಲ, ವಾಟ್ಸಾಪ್ ಗ್ರೂಪ್ ಇಲ್ಲ. ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಮತ್ತೆ ಪ್ರೋಗ್ರಾಂ ಬರೆಯೋದು ಹೇಗೆ? ಪೆನ್ಸಿಲ್ ಹಿಡಿದು, ಕಾಗದದ ಮೇಲೆ. ಮೊದಲು ಒಂದೊಂದು ಹೆಜ್ಜೆಯ ನಕ್ಷೆ, ಆಮೇಲೆ ಯಂತ್ರಕ್ಕೆ ಅರ್ಥ ಆಗೋ ಸಂಕೇತ. ಬರೆದ ಹಾಳೆಗಳನ್ನು ಅಂಚೆಗೆ ಹಾಕಬೇಕು. ಅಂಚೆಯಲ್ಲಿ ಅದು ಡೇಟಾ ಸೆಂಟರ್‌ಗೆ ಹೋಗುತ್ತದೆ, ಅಲ್ಲಿ ಕಾಗದದ ಪಟ್ಟಿಗೋ ಕಾರ್ಡಿಗೋ ತೂತು ಹೊಡೆಯುತ್ತಾರೆ, ತಪ್ಪಿರಬಾರದು ಅಂತ ಮತ್ತೊಮ್ಮೆ ಹೊಡೆದು ತಾಳೆ ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೆ ಅದು ಕಂಪ್ಯೂಟರ್ ಹತ್ತಿರ ಹೋಗುತ್ತದೆ. ಒಂದು ಕಡೆ ಅಕ್ಷರ ತಪ್ಪಿದರೆ ಮತ್ತೆ ಅಂಚೆ, ಮತ್ತೆ ಕಾಯೋದು. ನಮ್ಮ ಹುಡುಗರಿಗೆ ವೈಫೈ ಎರಡು ನಿಮಿಷ ನಿಂತರೆ ಬಿಪಿ ಏರುತ್ತದೆ.

ಹೀಗೆ ಊರೂರಿನ ಅಡುಗೆಮನೆಗಳಲ್ಲಿ ಕೂತು ಇವರು ಮಾಡಿದ ಕೆಲಸಗಳಲ್ಲಿ ಸಾಮಾನು ರೈಲುಗಳ ವೇಳಾಪಟ್ಟಿ ಇತ್ತು. ಕಾಂಕಾರ್ಡ್ ವಿಮಾನದ ಕೆಲಸವೂ ಇತ್ತು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಆ ವಿಮಾನದ ಕಪ್ಪು ಪೆಟ್ಟಿಗೆಗೆ ಪ್ರೋಗ್ರಾಂ ಬರೆದದ್ದು ಮನೆಯಲ್ಲಿ ಕೂತ ತಾಯಂದಿರು. ಆ ತಂಡವನ್ನು ನಡೆಸಿದ ಆ್ಯನ್ ಮಾಫಟ್ ಅವರ ಒಂದು ಹಳೆಯ ಫೋಟೋ ಇದೆ, ಅರವತ್ತರ ದಶಕದ್ದು. ಅಡುಗೆಮನೆ ಮೇಜಿನ ಮೇಲೆ ಹಾಳೆ, ಆಕೆ ಬರೆಯುತ್ತಿದ್ದಾರೆ, ಪಕ್ಕದಲ್ಲಿ ಪುಟ್ಟ ಮಗಳು. ಆ ಫೋಟೋವನ್ನು ನಾನು ಎಷ್ಟೋ ಹೊತ್ತು ನೋಡಿದ್ದೇನೆ. ಮಗು ಇದೆ ಅಂತ ಆಕೆಯ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಿಲ್ಲ ನೋಡಿ, ಅದೇ ಸಂಗತಿ.

ಯಾರೂ ಯಾರನ್ನೂ ದಿನಾ ನೋಡದ ಇಂಥ ತಂಡವನ್ನು ಒಟ್ಟಿಗೆ ಹಿಡಿದಿಟ್ಟದ್ದು ಏನು? ಶರ್ಲಿ ಅವರನ್ನು ಕೇಳಿದಾಗೆಲ್ಲ ಕೊಡುತ್ತಿದ್ದ ಉತ್ತರ ಎರಡೇ ವಸ್ತುವಿನದು. ಒಂದು ಟೆಲಿಫೋನು, ಇನ್ನೊಂದು ಸಿಬ್ಬಂದಿಯ ಮೇಲಿನ ನಂಬಿಕೆ. ಕೇಳೋಕೆ ಇದು ಕ್ಯಾಲೆಂಡರ್ ಮೇಲಿನ ಸುಭಾಷಿತದ ಹಾಗಿದೆ. ಆದರೆ ಬರೀ ನಂಬಿಕೆ ಅಂತ ಕೈಕಟ್ಟಿ ಕೂತಿರಲಿಲ್ಲ. ಕೆಲಸ ಹೇಗಿರಬೇಕು, ಯಾವ ಹಂತದಲ್ಲಿ ಏನು ಬರೆದಿಡಬೇಕು, ಯಾರು ಪರಿಶೀಲಿಸಬೇಕು ಅಂತ ಶುರುವಿನಲ್ಲೇ ಗಟ್ಟಿಯಾದ ಪದ್ಧತಿಗಳನ್ನು ಮಾಡಿಟ್ಟರು. ಆ ಮಾನದಂಡಗಳು ಎಷ್ಟು ಚೆನ್ನಾಗಿದ್ದವು ಅಂದ್ರೆ ಮುಂದೆ ನ್ಯಾಟೋ ಮಿಲಿಟರಿ ಕೂಟವೇ ಅವನ್ನು ಅಳವಡಿಸಿಕೊಂಡಿತು.

ಈ ಪದ್ಧತಿಗೂ ನೆಮ್ಮದಿಗೂ ಸಂಬಂಧ ಇದೆ. ಮಗುವಿಗೆ ಜ್ವರ ಬಂದು ಒಬ್ಬಾಕೆ ನಾಲ್ಕು ದಿನ ಕೆಲಸ ಬಿಟ್ಟರೆ, ಹಾಳೆ ಓದಿ ಇನ್ನೊಬ್ಬಾಕೆ ಮುಂದುವರಿಸಬಹುದು. ಎಲ್ಲವೂ ಒಬ್ಬರ ತಲೆಯೊಳಗೇ ಇದ್ದರೆ ಆ ಒಬ್ಬರು ಜ್ವರ ಬಂದರೂ ಮಲಗುವಂತಿಲ್ಲ. ನಮ್ಮ ಎಷ್ಟೋ ಆಫೀಸುಗಳಲ್ಲಿ 'ಅವನಿಲ್ಲದಿದ್ದರೆ ಕೆಲಸವೇ ನಡೆಯಲ್ಲ' ಅಂತ ಒಬ್ಬನನ್ನು ಹೊಗಳ್ತಾರಲ್ಲ, ಅದು ಹೊಗಳಿಕೆ ಅಲ್ಲ ಕಣ್ರೀ, ಅವನಿಗೆ ಹಾಕಿದ ಬೇಡಿ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟವಾದದ್ದು. ಕಂಪನಿಯ ಧ್ಯೇಯವಾಕ್ಯ ಬದಲಾಗುತ್ತಾ ಹೋದ ರೀತಿ. ಮೊದಲು 'ಮಕ್ಕಳಿರುವ ಮಹಿಳೆಯರಿಗೆ ಕೆಲಸ' ಅಂತಿತ್ತು. ಆಮೇಲೆ 'ಕೆಲಸ' ಅನ್ನೋ ಪದ ಹೋಗಿ 'ವೃತ್ತಿಜೀವನ' ಬಂತು. ಇವತ್ತು ಕೆಲಸ, ನಾಳೆ ಬಡ್ತಿ, ನಾಡಿದ್ದು ಮ್ಯಾನೇಜರ್, ಅಷ್ಟೂ ಸಿಗಬೇಕು ಅಂತ. ಆಮೇಲೆ 'ಮಕ್ಕಳಿರುವ' ಅನ್ನೋದು 'ಅವಲಂಬಿತರಿರುವ' ಅಂತಾಯಿತು. ಯಾಕಂದ್ರೆ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇರಬಹುದು, ಅಂಗವಿಕಲ ತಮ್ಮ ಇರಬಹುದು. ಒಂದೊಂದು ಪದ ಬದಲಾದಾಗಲೂ ಬಾಗಿಲು ಒಂದಿಷ್ಟು ಅಗಲವಾಯಿತು. 1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗ ತಾರತಮ್ಯದ ವಿರುದ್ಧ ಕಾನೂನು ಬಂತು. ಹೆಂಗಸರಿಗೆ ನ್ಯಾಯ ಸಿಗಲಿ ಅಂತ ಬಂದ ಕಾನೂನು. ಅದರ ಪ್ರಕಾರ ಹೆಂಗಸರಿಗಷ್ಟೇ ಕೆಲಸ ಕೊಡ್ತೀನಿ ಅನ್ನೋದೂ ತಪ್ಪಾಯಿತು! ಶರ್ಲಿ ನಕ್ಕು ಗಂಡಸರನ್ನೂ ಒಳಗೆ ಬಿಟ್ಟುಕೊಂಡರು.

ಇಲ್ಲಿ ಒಂದು ಲೆಕ್ಕ ಹೇಳ್ತೀನಿ. 1962ರಲ್ಲಿ ಒಂದು ಪೌಂಡ್‌ಗೆ 13 ರೂಪಾಯಿ 33 ಪೈಸೆ. 1966ರಲ್ಲಿ ಇಂದಿರಾ ಗಾಂಧಿ ಸರ್ಕಾರ ರೂಪಾಯಿ ಅಪಮೌಲ್ಯ ಮಾಡೋ ತನಕ ಅದೇ ದರ. ಆರು ಪೌಂಡ್ ಅಂದ್ರೆ ಎಷ್ಟಾಯಿತು? ಸರಿಯಾಗಿ 80 ರೂಪಾಯಿ.

80 ರೂಪಾಯಿ ಅಂದಕೂಡಲೇ ನನಗೆ ಇನ್ನೊಂದು ಕಥೆ ನೆನಪಾಗುತ್ತದೆ. 1959ರ ಮಾರ್ಚ್ 15. ಮುಂಬೈನ ಗಿರ್ಗಾಂವ್. ಹಳೇ ಕಟ್ಟಡವೊಂದರ ತಾರಸಿ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಸೇರಿದರು. ಛಗನ್‌ಲಾಲ್ ಪಾರೇಖ್ ಅನ್ನೋ ಸಮಾಜಸೇವಕರಿಂದ 80 ರೂಪಾಯಿ ಸಾಲ ತಂದಿದ್ದರು. ಅವತ್ತು ಲಟ್ಟಿಸಿದ್ದು ನಾಲ್ಕು ಪ್ಯಾಕೆಟ್ ಹಪ್ಪಳ. ಅದೇ ಲಿಜ್ಜತ್. ನಿಮ್ಮ ಮನೆ ಡಬ್ಬದಲ್ಲಿ ಈಗಲೂ ಇರಬಹುದು ನೋಡಿ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಸಮುದ್ರದ ಆ ಕಡೆ ಒಬ್ಬಾಕೆ, ಈ ಕಡೆ ಏಳು ಮಂದಿ. ಒಬ್ಬರಿಗೊಬ್ಬರು ಗೊತ್ತಿಲ್ಲ. ಒಂದು ಕಡೆ ಇಂಗ್ಲಿಷ್ ಗಣಿತಜ್ಞೆಯರು, ಇನ್ನೊಂದು ಕಡೆ ಶಾಲೆ ಮೆಟ್ಟಿಲು ಅಷ್ಟಾಗಿ ಹತ್ತದ ಹೆಣ್ಣುಮಕ್ಕಳು. ಆದರೆ ಇಬ್ಬರ ಮುಂದಿದ್ದ ಸಮಸ್ಯೆ ಒಂದೇ. ಕೆಲಸ ನೂರಾರು ಮನೆಗಳಲ್ಲಿ ನಡೆಯಬೇಕು, ಸರಕು ಮಾತ್ರ ಒಂದೇ ಕೈ ಮಾಡಿದ ಹಾಗೆ ಇರಬೇಕು, ಮಾಡೋರಿಗೆ ಇದು ನಮ್ಮದು ಅನ್ನಿಸಬೇಕು.

ಲಿಜ್ಜತ್‌ನವರ ವ್ಯವಸ್ಥೆ ನೋಡಿ. ಹಿಟ್ಟು ಕಲಸೋದು ಶಾಖೆಯಲ್ಲೇ, ಬೆಳಗಿನ ಜಾವದಲ್ಲಿ. ಹಾಗಾಗಿ ರುಚಿ ಎಲ್ಲ ಕಡೆ ಒಂದೇ. ಸದಸ್ಯೆಯರು ಬೆಳಗ್ಗೆ ಬಂದು ನಿನ್ನೆ ಲಟ್ಟಿಸಿದ ಹಪ್ಪಳ ಒಪ್ಪಿಸುತ್ತಾರೆ, ತೂಕ ಆಗುತ್ತದೆ, ಗುಣಮಟ್ಟ ನೋಡುತ್ತಾರೆ, ಕೂಲಿ ತಗೊಂಡು ಇವತ್ತಿನ ಹಿಟ್ಟು ಒಯ್ಯುತ್ತಾರೆ. ದೂರದವರಿಗೆ ಕರೆದುಕೊಂಡು ಬರೋಕೆ ವ್ಯಾನ್. ಲಟ್ಟಿಸೋದು ಅವರವರ ಮನೆಯಲ್ಲಿ, ಅವರವರ ಪುರುಸೊತ್ತಿನಲ್ಲಿ. ಮನೆ ಶುಚಿಯಾಗಿದೆಯೇ ಅಂತ ನೋಡೋಕೆ ಜನ ಬರುತ್ತಾರೆ. ಅಂದ್ರೆ ದಿನಕ್ಕೊಂದು ಸಲ ಮುಖ ನೋಡಿಕೊಳ್ಳೋ ಅವಕಾಶ ಆ ಪದ್ಧತಿಯೊಳಗೇ ಇತ್ತು. ಸಾಲಿನಲ್ಲಿ ನಿಂತ ಹತ್ತು ನಿಮಿಷದಲ್ಲಿ ಯಾರ ಮನೆಯಲ್ಲಿ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತಾಗುತ್ತದಲ್ಲ, ಅದಕ್ಕೆ ಈಗಿನ ಕಂಪನಿಗಳು ಒಬ್ಬ ಆಫೀಸರನ್ನು ನೇಮಿಸಿ ಸಂಬಳ ಕೊಡ್ತಾರೆ.

ಅಲ್ಲಿ ಮಾಲೀಕರಿಲ್ಲ, ನೌಕರರಿಲ್ಲ, ಎಲ್ಲರೂ 'ಬೆಹೆನ್', ಸೋದರಿಯರು. ಎಲ್ಲರೂ ಒಡೆಯರು. ಲಾಭ ಬಂದರೆ ಹಂಚಿಕೆ, ನಷ್ಟವಾದರೂ ಹಂಚಿಕೆ. ದಾನ ಮುಟ್ಟೋದಿಲ್ಲ ಅಂತ ಶುರುವಿನಲ್ಲೇ ನಿಯಮ. ಗಂಡಸರು ಸಂಬಳಕ್ಕೆ ಡ್ರೈವರೋ ಲೆಕ್ಕ ಬರೆಯೋರೋ ಆಗಬಹುದು, ಸದಸ್ಯರಾಗುವಂತಿಲ್ಲ. ಮೊದಲ ವರ್ಷ ಮಳೆಗಾಲದಲ್ಲಿ ನಾಲ್ಕು ತಿಂಗಳು ಕೆಲಸವೇ ನಿಂತಿತು. ಬಿಸಿಲಿಲ್ಲದೆ ಹಪ್ಪಳ ಒಣಗೋದೆಲ್ಲಿ? ಮರುವರ್ಷ ಒಂದು ಮಂಚ, ಒಂದು ಸ್ಟೌ ತಂದರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೌ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಷಾಢದಲ್ಲಿ ಒಲೆ ಮೇಲೆ ಅಟ್ಟ ಕಟ್ಟಿ ಏನೆಲ್ಲ ಒಣಗಿಸಿಕೊಂಡವರು ನಾವು.

ಹಾಗಂತ ಮನೆಯಲ್ಲಿ ಕೂತು ಮಾಡೋ ಕೆಲಸವೆಲ್ಲ ಸ್ವರ್ಗ ಅಂತ ನಾನು ಹೇಳ್ತಿಲ್ಲ. ನಮ್ಮದೇ ದಕ್ಷಿಣ ಕನ್ನಡಕ್ಕೆ ಹೋಗಿ. ಮನೆ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ನೋಡಿ. ಅದೂ ವರ್ಕ್ ಫ್ರಮ್ ಹೋಮ್. ಎಲೆ, ತಂಬಾಕು ಕಂಟ್ರಾಕ್ಟುದಾರ ಕೊಡುತ್ತಾನೆ, ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಸರಿಯಿಲ್ಲ ಅಂತ ಅವನು ಪಕ್ಕಕ್ಕೆ ತೆಗೆದಿಟ್ಟದ್ದಕ್ಕೆ ಕಾಸಿಲ್ಲ. ಆ ಕೂಲಿಯಲ್ಲಿ ಮಕ್ಕಳನ್ನು ಓದಿಸಿದ ತಾಯಂದಿರು ಕರಾವಳಿಯ ಊರೂರಲ್ಲಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಬೆನ್ನು ನೋವು, ತಂಬಾಕಿನ ಧೂಳಿನ ಕೆಮ್ಮು ಅವರ ಪಾಲಿಗೆ, ಲಾಭ ಇನ್ಯಾರದೋ ಪಾಲಿಗೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರು ಅಂತ ಒಪ್ಪಿಕೊಂಡಿತು. ಮನೆಯಲ್ಲಿ ದುಡಿಯೋರ ಹಕ್ಕಿಗೆ ಅಂತಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಪ್ಪಂದ ಮಾಡಿತು. ಭಾರತ ಅದಕ್ಕೆ ಇನ್ನೂ ಅನುಮೋದನೆ ಕೊಟ್ಟಿಲ್ಲ. ಇದರ ಬಗ್ಗೆ ಒಂದು ಪ್ಯಾನೆಲ್ ಡಿಸ್ಕಷನ್ ಆದದ್ದು ನಾನಂತೂ ನೋಡಿಲ್ಲ. ನಾನೂ ಮಾಡಿಲ್ಲ, ಒಪ್ಪಿಕೊಳ್ತೀನಿ.

ಹಪ್ಪಳಕ್ಕೂ ಬೀಡಿಗೂ ವ್ಯತ್ಯಾಸ ಎಲ್ಲಿದೆ? ಎರಡೂ ಮನೆಯಲ್ಲೇ, ಎರಡೂ ತುಂಡು ಲೆಕ್ಕದ ಕೂಲಿ. ಒಂದು ಕಡೆ ಲಟ್ಟಿಸಿದಾಕೆಯೇ ಒಡತಿ, ಇನ್ನೊಂದು ಕಡೆ ಕಟ್ಟಿದಾಕೆಯ ಹೆಸರೂ ಕಂಪನಿಗೆ ಬೇಕಿಲ್ಲ. ಶರ್ಲಿ ಇದನ್ನು ಅರ್ಥ ಮಾಡಿಕೊಂಡಿದ್ದರು. ಕಂಪನಿಯ ಷೇರುಗಳನ್ನು ಸಿಬ್ಬಂದಿಗೆ ಕೊಡುತ್ತಾ ಹೋದರು. ಕಾಲುಭಾಗ ಕಂಪನಿಯನ್ನು ಅವರ ಕೈಗೆ ಹಾಕಿದರು, ಆ ಖರ್ಚು ಹೊತ್ತದ್ದು ತಾವೊಬ್ಬರೇ. ಕಂಪನಿ ಬೆಳೆದು ಒಂದು ಹಂತದಲ್ಲಿ ಅದರ ಬೆಲೆ 300 ಕೋಟಿ ಡಾಲರ್ ದಾಟಿತು. ಸಿಬ್ಬಂದಿಯಲ್ಲಿ 70 ಮಂದಿ ಮಿಲಿಯನೇರ್‌ಗಳಾದರು. 1993ರಲ್ಲಿ ಶರ್ಲಿ ನಿವೃತ್ತರಾದರು. ಅವರ ಕಂಪನಿ ಮುಂದೆ ಝಾನ್ಸಾ ಅಂತ ಹೆಸರು ಬದಲಿಸಿಕೊಂಡು ನಮ್ಮ ನೋಯಿಡಾ, ಚೆನ್ನೈಗಳಲ್ಲೂ ಸಾವಿರಾರು ಮಂದಿಗೆ ಕೆಲಸ ಕೊಟ್ಟಿತು. 2007ರಲ್ಲಿ ಫ್ರಾನ್ಸಿನ ಕಂಪನಿಯೊಂದು ಅದನ್ನು ಕೊಂಡುಕೊಂಡಿತು.

ಆದರೆ ಇದು ಬರೀ ಗೆಲುವಿನ ಕಥೆ ಅಂದುಕೊಂಡರೆ ಅರ್ಧ ಕಥೆ ಕೇಳಿದ ಹಾಗೆ.

1963ರಲ್ಲಿ ಹುಟ್ಟಿದ ಮಗ ಜೈಲ್ಸ್. ಟೇಪಿನ ಸದ್ದಿನ ಹಿಂದೆ ಅಳುತ್ತಿದ್ದ ಮಗು ಅವನೇ. ಎರಡೂವರೆ ವರ್ಷಕ್ಕೆ ಕಲಿತಿದ್ದ ಮಾತನ್ನೆಲ್ಲ ಕಳೆದುಕೊಂಡ. ತೀವ್ರ ಆಟಿಸಂ. ಆಗ ಅದರ ಬಗ್ಗೆ ಡಾಕ್ಟರುಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಳೆಯುತ್ತಾ ಬಂದ ಹಾಗೆ ಅವನನ್ನು ಸಂಭಾಳಿಸೋದು ಕಷ್ಟವಾಯಿತು. ಅತ್ತ ಎಪ್ಪತ್ತರ ದಶಕದ ಶುರುವಿನಲ್ಲಿ ಬ್ರಿಟನ್ನಿನ ಆರ್ಥಿಕತೆ ಕುಸಿದು ಕೆಲಸಗಳು ನಿಂತವು, ಕಂಪನಿ ಮುಳುಗುವ ಹಂತಕ್ಕೆ ಹೋಯಿತು. ನಂಬಿದ ಹಿರಿಯ ಸಹೋದ್ಯೋಗಿಯೊಬ್ಬರು ಹೊರಗೆ ಹೋಗಿ ಅದೇ ಥರದ ಕಂಪನಿ ಕಟ್ಟಿದರು. ಇಷ್ಟೆಲ್ಲವನ್ನೂ ಎಳೆದುಕೊಂಡು ಹೋಗುತ್ತಿದ್ದ ಶರ್ಲಿ ಒಂದು ದಿನ ಕುಸಿದರು. ಮನಸ್ಸು ಕೈಕೊಟ್ಟಿತು, ಆಸ್ಪತ್ರೆ ಸೇರಿದರು. ಮಗನೂ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ಇರಬೇಕಾಯಿತು. ನೂರಾರು ತಾಯಂದಿರಿಗೆ 'ಮಗುವನ್ನು ನೋಡಿಕೊಳ್ಳಮ್ಮ, ಕೆಲಸ ಕಾಯುತ್ತದೆ' ಅಂದ ಹೆಂಗಸಿಗೆ ಆ ಮಾತು ಹೇಳೋರು ಯಾರೂ ಇರಲಿಲ್ಲ.

ಆಕೆ ಇದನ್ನು ಮುಚ್ಚಿಡಲಿಲ್ಲ. ತಮ್ಮ ಆತ್ಮಕಥೆಯಲ್ಲಿ ಬರೆದರು, ವೇದಿಕೆಗಳಲ್ಲಿ ಹೇಳಿದರು. ಜೈಲ್ಸ್ 1998ರಲ್ಲಿ, 35ನೇ ವಯಸ್ಸಿನಲ್ಲಿ ತೀರಿಕೊಂಡ. ಆಕೆ ಗಳಿಸಿದ್ದರಲ್ಲಿ ಬಹುಪಾಲು ಆಟಿಸಂ ಇರುವವರ ಶಾಲೆ, ಆರೈಕೆ, ಸಂಶೋಧನೆಗೆ ಹೋಯಿತು.

ಈಗ 2020ರ ಮಾರ್ಚ್‌ಗೆ ಬನ್ನಿ. ಬೆಂಗಳೂರಿನ ಐಟಿ ಕಂಪನಿಗಳಿಂದ ಹುಡುಗ-ಹುಡುಗಿಯರು ಕಂಪ್ಯೂಟರ್‌ಗಳನ್ನು ಕಾರು, ಆಟೋದಲ್ಲಿ ಇಟ್ಟುಕೊಂಡು ಮನೆಗೆ ಹೊರಟ ದೃಶ್ಯ ನೆನಪಿದೆಯಾ? ಆಮೇಲೆ ಊರಿಗೆ ಹೋದರು. ಶಿರಸಿ, ತೀರ್ಥಹಳ್ಳಿ ಕಡೆ ನೆಟ್‌ವರ್ಕ್ ಸಿಗೋ ಗುಡ್ಡ ಹುಡುಕಿ, ಕೊಡೆ ಹಿಡಿದು ಕೂತು ಕೆಲಸ ಮಾಡಿದರು. ಸಂಜೆ ಅಪ್ಪನ ಜೊತೆ ತೋಟಕ್ಕೂ ಹೋದರು. ಎಷ್ಟೋ ಮನೆಗಳಲ್ಲಿ ಹತ್ತು ವರ್ಷದ ನಂತರ ಮಕ್ಕಳ ಸದ್ದು ಕೇಳಿಸಿತು. ಅದೊಂದು ಮುಖ. ಇನ್ನೊಂದು ಮುಖ, ರಾತ್ರಿ ಹನ್ನೊಂದಕ್ಕೂ ಮೀಟಿಂಗ್. ಮೌಸ್ ಎಷ್ಟು ಹೊತ್ತು ಅಲ್ಲಾಡಲಿಲ್ಲ ಅಂತ ಲೆಕ್ಕ ಇಡೋ ಸಾಫ್ಟ್‌ವೇರ್. ಅದನ್ನು ಯಾಮಾರಿಸೋಕೆ ಮೌಸ್ ಅಲ್ಲಾಡಿಸುತ್ತಲೇ ಇರೋ ಒಂದು ಯಂತ್ರ, ಆನ್‌ಲೈನ್‌ನಲ್ಲಿ ಸಿಗುತ್ತೆ. ಶರ್ಲಿ ಗಿರಾಕಿಯನ್ನು ನಂಬಿಸೋಕೆ ಟೈಪಿಂಗ್ ಸದ್ದು ಹಾಕುತ್ತಿದ್ದರು. ನಮ್ಮ ಹುಡುಗರು ಸ್ವಂತ ಕಂಪನಿಯನ್ನು ನಂಬಿಸೋಕೆ ಮೌಸ್ ಅಲ್ಲಾಡಿಸಬೇಕಾಗಿದೆ. ಅರವತ್ತು ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದೆವು!

ಬೇರೆಯವರ ಕಡೆ ಬೆರಳು ತೋರಿಸೋದು ನನ್ನ ವೃತ್ತಿ. ಇವತ್ತು ನನ್ನ ಕಡೆಗೂ ತೋರಿಸಿಕೊಳ್ತೀನಿ. ನ್ಯೂಸ್ ಚಾನೆಲ್ ಅಂದ್ರೂ ಚದುರಿ ಹೋದ ತಂಡವೇ. ಸ್ಟುಡಿಯೋ ಬೆಂಗಳೂರಿನಲ್ಲಿ, ವರದಿಗಾರರು ಜಿಲ್ಲೆ ಜಿಲ್ಲೆಯಲ್ಲಿ. ಅವರಲ್ಲಿ ಕೆಲವರಿಗೆ ತಿಂಗಳ ಸಂಬಳವೂ ಇಲ್ಲ, ಸುದ್ದಿಗೆ ಇಷ್ಟು ಅಂತ ಲೆಕ್ಕ. ನಾನು ಕೆಲಸ ಮಾಡಿದ ಕಡೆಯೂ ಹಾಗೇ ಇತ್ತು. 2021ರ ಮೇ, ಎರಡನೇ ಅಲೆ. ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆ ಎದುರು ನಮ್ಮ ವರದಿಗಾರ ಮೂರು ದಿನ ನಿಂತು ಲೈವ್ ಕೊಟ್ಟ. ಹಾಸಿಗೆ ಎಷ್ಟಿದೆ, ಆಕ್ಸಿಜನ್ ಎಷ್ಟು ಹೊತ್ತಿಗೆ ಸಾಕು, ಎಲ್ಲಾ ಖಡಕ್ಕಾಗಿ. 'ಇನ್ನೂ ಸ್ವಲ್ಪ ಜೋರಾಗಿ ಹೇಳಿ, ಭಾವನೆ ಬರಲಿ' ಅಂತ ಅವನ ಕಿವಿಗೆ ಹೇಳಿದವನು ನಾನೇ.

ನಾಲ್ಕನೇ ದಿನ ಅವನ ಕ್ಯಾಮೆರಾಮನ್‌ನಿಂದ ಗೊತ್ತಾಯಿತು, ಅವನ ತಾಯಿ ಅದೇ ವಾರ್ಡಿನಲ್ಲಿದ್ದರು. ಮೂರೂ ದಿನ. ಅವನು ಹೇಳುತ್ತಿದ್ದ ಆಕ್ಸಿಜನ್ ಲೆಕ್ಕ ಅವನ ತಾಯಿಯದೂ ಆಗಿತ್ತು.

ಫೋನ್ ಮಾಡಿದೆ. ಯಾಕಪ್ಪಾ ಹೇಳಲಿಲ್ಲ ಅಂದೆ. ಆ ಕಡೆಯಿಂದ ಸಿಟ್ಟೂ ಇಲ್ಲ, ಅಳುವೂ ಇಲ್ಲ. "ಯಾರೂ ಕೇಳ್ಲಿಲ್ರಿ ಸರ" ಅಂದ.

ಅಲ್ಲಿಂದ ಮುಂದೆ ಬೆಳಗಿನ ಕಾನ್ಫರೆನ್ಸ್ ಕಾಲ್‌ನಲ್ಲಿ ಮೊದಲ ಐದು ನಿಮಿಷ ಸುದ್ದಿ ಮಾತಾಡೋದು ಬೇಡ ಅಂತ ಮಾಡಿಕೊಂಡೆವು. ಮೊದಲ ವಾರ ಎಲ್ಲರೂ ಸುಮ್ಮನೆ ಕೂತರು, ಏನು ಮಾತಾಡಬೇಕು ಅಂತಲೇ ತಿಳಿಯದೆ. ಆಮೇಲೆ ಒಬ್ಬರ ಮನೆ ಹಸು ಕರು ಹಾಕಿದ್ದು, ಇನ್ನೊಬ್ಬರ ಮಗಳ ಪಿಯುಸಿ ಫಲಿತಾಂಶ, ಮತ್ತೊಬ್ಬರು ಮೂರು ತಿಂಗಳಿಂದ ಬಿಲ್ ಬಂದಿಲ್ಲ ಅಂತ ಸಂಕೋಚದಿಂದ ಹೇಳಿದ್ದು. ಆ ಬಿಲ್ಲು ಮೇಜಿನಿಂದ ಮೇಜಿಗೆ ಹೋಗಿ ಪಾಸಾಗೋಕೆ ಇನ್ನೂ ಒಂದು ತಿಂಗಳು ಹಿಡಿಯಿತು, ಅದೂ ಜಗಳ ಆಡಿದ ಮೇಲೆ. ಐದು ನಿಮಿಷದ ಪದ್ಧತಿ ಸುಮಾರು ಒಂದೂವರೆ ವರ್ಷ ನಡೆಯಿತು. 2023ರ ಚುನಾವಣೆ ಬಂತು, ಎಲ್ಲರಿಗೂ ಓಟ, ಅದು ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ, ತಾನಾಗೇ ನಿಂತಿತು.

ಶರ್ಲಿ ತೀರಿಕೊಂಡ ಸುದ್ದಿ ಓದಿದ ಮರುದಿನ ಮತ್ತೆ ಶುರು ಮಾಡಿದೆ. ಆ ವರದಿಗಾರ ಸಾಲಿನಲ್ಲಿದ್ದ. ಅವ್ವ ಹೇಗಿದ್ದಾರೆ ಅಂತ ಕೇಳಿದೆ.

"ಅರಾಮ ಅದಾರ್ರಿ ಸರ. ದಿನಾ ನಿಮ್ಮ ಬುಲೆಟಿನ್ ನೋಡ್ತಾರ. ಭಾಳ ಒದರ್ತಾನ ಇಂವಾ ಅಂತಾರ್ರಿ."